ಮಾಮ, ಆಮೇಲೆ ಆ ಇಲಿ ಏನಾಯ್ತು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ತಪ್ಪೊಪ್ಪಿಗೆ. ನಾನು ತುಂಬಾ ವರ್ಷ ಒಂದು ಸಣ್ಣ ಸುಳ್ಳು ಹೇಳಿಕೊಂಡು ಬಂದೆ. ರೈಲಿನಲ್ಲಿ ಪಕ್ಕದ ಸೀಟಿನವರು "ಏನ್ ಕೆಲಸ ಮಾಡ್ತೀರಿ?" ಅಂತ ಕೇಳಿದರೆ "ಜೀವಶಾಸ್ತ್ರ" ಅನ್ನುತ್ತಿದ್ದೆ. ಅವರು "ಓಹೋ, ಟೀಚರ್ರಾ?" ಅನ್ನುತ್ತಿದ್ದರು. ನಾನು ತಲೆ ಆಡಿಸಿಬಿಡುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು, ನನಗೂ ಅಷ್ಟೇ ಬೇಕಿತ್ತು. ನಾನು ಟೀಚರ್ ಅಲ್ಲ. ನನ್ನ ಕೆಲಸ ನಡೆಯುವುದು ಇಲಿಗಳ ಜೊತೆ. ಅವುಗಳಿಗೆ ಕಾಯಿಲೆ ಬರಿಸುತ್ತೇನೆ, ಔಷಧ ಕೊಟ್ಟು ನೋಡುತ್ತೇನೆ, ಕೊನೆಗೆ ಅವುಗಳ ಮೆದುಳನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇನೆ.

ಸುಳ್ಳು ನಿಂತದ್ದು ನನ್ನ ತಂಗಿಯ ಮಗಳಿಂದ. ಆಗ ಅವಳಿಗೆ ಎಂಟು ವರ್ಷ. ನನ್ನ ಫೋನಿನಲ್ಲಿ ಒಂದು ಬಿಳಿ ಇಲಿಯ ಫೋಟೋ ನೋಡಿದಳು. ಮುದ್ದಾಗಿತ್ತು, ಹತ್ತಿಯ ಗೂಡಿನಿಂದ ಮೂಗು ಮಾತ್ರ ಆಚೆ ಹಾಕಿತ್ತು. ನಾನು ಖುಷಿಯಿಂದಲೇ ಹೇಳಿದೆ, ಇದಕ್ಕೆ ಒಂದು ಔಷಧ ಕೊಡ್ತೀವಿ, ಅದರ ನೆನಪಿನ ಶಕ್ತಿ ಹೇಗಿದೆ ಅಂತ ನೋಡ್ತೀವಿ, ಎಂದು. ಅವಳು ಕೇಳಿದಳು: "ಮಾಮ, ಆಮೇಲೆ ಆ ಇಲಿ ಏನಾಯ್ತು?"

ನಾನು "ಆಮೇಲೆ ಅದು ಮಲಗಿತು" ಎಂದೆ. ಅವಳು ನಂಬಲಿಲ್ಲ. ಮಕ್ಕಳಿಗೆ ಇದು ಹೇಗೋ ಗೊತ್ತಾಗಿಬಿಡುತ್ತದೆ.

ಇವತ್ತು ನಾನು ಮಾತಾಡಬೇಕೆಂದಿರುವುದು ಆ "ಆಮೇಲೆ" ಬಗ್ಗೆ. ನಿಮ್ಮನ್ನು ಪ್ರಾಣಿ ಪ್ರಯೋಗಕ್ಕೆ ಒಪ್ಪಿಸಲು ಬಂದಿಲ್ಲ. ಎಲ್ಲ ಕೇಳಿದ ಮೇಲೂ "ಇದು ಬೇಡ" ಎಂದು ನೀವು ಹೇಳಬಹುದು, ಅದು ನಿಮ್ಮ ಹಕ್ಕು. ಆದರೆ ಗೊತ್ತಿದ್ದು ಬೇಡ ಅನ್ನುವುದು ಬೇರೆ, ಗೊತ್ತಿಲ್ಲದೆ ಬೇಡ ಅನ್ನುವುದು ಬೇರೆ. ಗೊತ್ತಿಲ್ಲದೆ "ಸರಿ" ಅನ್ನುವುದಂತೂ ಇನ್ನೂ ಕೆಟ್ಟದ್ದು. ಮಾತ್ರೆ ನುಂಗುವ ಹೆಚ್ಚಿನವರು ಮಾಡುತ್ತಿರುವುದು ಈ ಮೂರನೆಯದನ್ನೇ. ಅದಕ್ಕೆ ಅವರನ್ನು ದೂರಿ ಫಲವಿಲ್ಲ. ಹೇಳಬೇಕಾದವರು ನಾವು. ನಾವು ಹೇಳಲಿಲ್ಲ.

ಮೊದಲು ಒಳಗೆ ಹೋಗೋಣ. ಅನಿಮಲ್ ಹೌಸ್, ಅಂದರೆ ಪ್ರಯೋಗದ ಪ್ರಾಣಿಗಳನ್ನು ಇಡುವ ಜಾಗ, ಅಂದ ಕೂಡಲೇ ಕತ್ತಲೆ ಕೋಣೆ, ಕಿರುಚಾಟ ಅಂತ ಕಲ್ಪನೆ ಇದೆಯಲ್ಲ, ನಾನು ಕೆಲಸ ಮಾಡಿದ ಕೋಣೆಗಳು ಹಾಗಿರಲಿಲ್ಲ. ಮೌನವೇ ಜಾಸ್ತಿ. ಫ್ಯಾನಿನ ಸದ್ದು, ಮರದ ಹೊಟ್ಟಿನ ವಾಸನೆ, ಅದರ ಅಡಿಯಲ್ಲಿ ಸ್ವಲ್ಪ ಅಮೋನಿಯಾ ಘಾಟು. ಗೋಡೆಯುದ್ದಕ್ಕೂ ಪಾರದರ್ಶಕ ಡಬ್ಬಿಗಳು, ಪ್ರತಿಯೊಂದರಲ್ಲೂ ನಾಲ್ಕೈದು ಇಲಿ, ಒಂದೊಂದಕ್ಕೂ ಒಂದು ಚೀಟಿ. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು. ಒಳಗೆ ಹೋಗುವ ಮೊದಲು ಬಟ್ಟೆ ಬದಲಿಸಬೇಕು, ತಲೆಗೆ ಟೋಪಿ, ಕೈಗೆ ಗ್ಲೌಸ್. ಇಲಿಯಿಂದ ನಮಗೆ ರೋಗ ಬರುತ್ತದೆ ಅಂತ ಅಷ್ಟೇ ಅಲ್ಲ. ನಮ್ಮಿಂದ ಇಲಿಗೆ ಬರಬಾರದು ಅಂತಲೂ ಹೌದು.

ನನಗೆ ಮೊದಲ ದಿನ ಕಲಿಸಿದ್ದು ಇಲಿಯನ್ನು ಎತ್ತುವುದನ್ನು. ಬಾಲದ ಬುಡ ಹಿಡಿದು ಎತ್ತಿ, ಇನ್ನೊಂದು ಕೈ ಮೇಲೆ ಇಟ್ಟುಕೋ. ಎಲ್ಲರೂ ಹಾಗೇ ಮಾಡುತ್ತಿದ್ದರು. ಬಾಲ ಹಿಡಿದ ಕೂಡಲೇ ಇಲಿ ನಾಲ್ಕೂ ಕಾಲು ಅಗಲಿಸಿ ಗಾಳಿಯಲ್ಲಿ ಒದ್ದಾಡುತ್ತಿತ್ತು. ಕೆಲವು ಅಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದವು. ಇಲಿ ಅಂದರೆ ಹಾಗೇ ಇರುತ್ತದೆ ಅಂದುಕೊಂಡಿದ್ದೆ. 2010ರಲ್ಲಿ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ಎಂಬ ಇಬ್ಬರು ಬ್ರಿಟನ್ನಿನ ವಿಜ್ಞಾನಿಗಳು ಇದನ್ನೇ ಅಳೆದು ನೋಡಿದರು. ಬಾಲ ಹಿಡಿಯುವ ಬದಲು ಒಂದು ಪ್ಲಾಸ್ಟಿಕ್ ಕೊಳವೆ ಇಡಿ, ಇಲಿ ತಾನೇ ಒಳಗೆ ನುಸುಳುತ್ತದೆ, ಕೊಳವೆ ಸಮೇತ ಎತ್ತಿ. ಇಲ್ಲವೇ ಬೊಗಸೆಯಲ್ಲಿ ಎತ್ತಿ. ಹಾಗೆ ಎತ್ತಿಸಿಕೊಂಡ ಇಲಿಗಳು ಆಮೇಲೆ ಮನುಷ್ಯನ ಕೈ ಹತ್ತಿರ ತಾವಾಗಿಯೇ ಬಂದವು. ಬಾಲದಿಂದ ಎತ್ತಿಸಿಕೊಂಡವು ಮೂಲೆ ಸೇರಿದವು.

ಒಂದು ಕೊಳವೆ, ಅಷ್ಟೇ. ಅದನ್ನು ಕಂಡುಕೊಳ್ಳಲು ಅಷ್ಟು ವರ್ಷ ಬೇಕಾಯಿತಲ್ಲ ಎಂದು ನಾಚಿಕೆಯಾಗುತ್ತದೆ. ಇದರಲ್ಲಿ ಕರುಣೆಯ ಮಾತಷ್ಟೇ ಅಲ್ಲ, ಲೆಕ್ಕದ ಮಾತೂ ಇದೆ. ನಾನು ಇಲಿಯ ಆತಂಕ ಅಳೆಯುವ ಪ್ರಯೋಗ ಮಾಡುತ್ತಿದ್ದೆ. ಪ್ರಯೋಗಕ್ಕೆ ಇಳಿಸುವ ಮೊದಲೇ ಬಾಲ ಹಿಡಿದು ಅದಕ್ಕೆ ಆತಂಕ ಕೊಡುತ್ತಿದ್ದೆ! ಹಾಗಾದರೆ ನಾನು ಅಳೆದದ್ದು ಔಷಧವನ್ನೋ, ನನ್ನ ಕೈಯನ್ನೋ? 2014ರಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಗಂಡಸು ಕೋಣೆಯಲ್ಲಿದ್ದರೆ, ಸುಮ್ಮನೆ ಅವನು ಹಾಕಿದ್ದ ಟೀ ಶರ್ಟ್ ಇದ್ದರೂ ಸಾಕು, ಇಲಿಗಳಿಗೆ ಒತ್ತಡವಾಗಿ ನೋವಿನ ಲಕ್ಷಣವೇ ಕಡಿಮೆ ಕಾಣುತ್ತದಂತೆ. ಹೆಂಗಸರು ಇದ್ದರೆ ಹಾಗಾಗುವುದಿಲ್ಲ. ಈ ಸಂಗತಿ ಓದಿದ ದಿನ ನಮ್ಮ ಲ್ಯಾಬಿನ ಹುಡುಗಿಯರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಈಗ "ಆಮೇಲೆ". ಪ್ರಯೋಗ ಮುಗಿದ ಮೇಲೆ ಹೆಚ್ಚುಕಡಿಮೆ ಎಲ್ಲ ಇಲಿಗಳನ್ನೂ ಸಾಯಿಸುತ್ತೇವೆ. ಡಬ್ಬಿಗೆ ನಿಧಾನವಾಗಿ ಕಾರ್ಬನ್ ಡೈ ಆಕ್ಸೈಡ್ ಬಿಡುತ್ತಾರೆ, ಅಥವಾ ಹೆಚ್ಚು ಅರಿವಳಿಕೆ ಕೊಡುತ್ತಾರೆ, ಅಥವಾ ಪಳಗಿದ ಕೈ ಒಂದೇ ಕ್ಷಣದಲ್ಲಿ ಕತ್ತು ಮುರಿಯುತ್ತದೆ. ಪ್ರಬಂಧಗಳಲ್ಲಿ ಇದಕ್ಕೆ ನಾವು "ಬಲಿ ಕೊಡಲಾಯಿತು" ಎಂಬರ್ಥದ ಮಾತು ಬಳಸುತ್ತಿದ್ದೆವು. ನನಗೆ ಆ ಮಾತು ಇಷ್ಟವಿಲ್ಲ. ಬಲಿ ಅಂದರೆ ಯಾರೋ ದೇವರು ಕೇಳಿದ ಹಾಗೆ. ಕೇಳಿದವರು ನಾವು. ಸಾಯಿಸಿದೆವು ಎಂದರೆ ಸಾಕು.

ಸಭೆಯಲ್ಲಿ ಕೆಲವರು ಮುಖ ತಿರುಗಿಸಿದ್ದು ಕಾಣಿಸುತ್ತಿದೆ. ಪರವಾಗಿಲ್ಲ. ನನಗೂ ಹಾಗೇ ಆಗುತ್ತದೆ.

ಇದೆಲ್ಲ ಯಾಕೆ ಬೇಕು? ಒಂದು ಚಿಕ್ಕ ಸಾಮಾನು ತೆಗೆದುಕೊಳ್ಳೋಣ. ಗರ್ಭ ನಿಂತಿದೆಯಾ ಅಂತ ಮನೆಯಲ್ಲೇ ನೋಡುವ ಪಟ್ಟಿ ಇದೆಯಲ್ಲ, ಎರಡು ಗೆರೆ ಬಂದರೆ ಹೌದು, ಒಂದು ಬಂದರೆ ಇಲ್ಲ. ಇದನ್ನು ನೋಡಿ ಯಾರಿಗೂ ಪ್ರಾಣಿ ನೆನಪಾಗುವುದಿಲ್ಲ. 1920ರ ದಶಕದ ಕೊನೆಗೆ ಜರ್ಮನಿಯಲ್ಲಿ ಆಶ್‌ಹೈಮ್ ಮತ್ತು ಝೋಂಡೆಕ್ ಎಂಬ ವೈದ್ಯರು ಒಂದು ಪರೀಕ್ಷೆ ಕಂಡುಹಿಡಿದರು. ಹೆಂಗಸಿನ ಮೂತ್ರವನ್ನು ಇನ್ನೂ ಬೆಳೆಯದ ಹೆಣ್ಣು ಇಲಿಮರಿಗಳಿಗೆ ಚುಚ್ಚುವುದು. ಕೆಲವು ದಿನ ಬಿಟ್ಟು ಅವುಗಳನ್ನು ಕೊಯ್ದು ಅಂಡಾಶಯ ನೋಡುವುದು. ಅಂದರೆ ಒಬ್ಬ ಹೆಂಗಸಿಗೆ "ಹೌದಮ್ಮ" ಎಂದು ಹೇಳಲು ಹಲವು ಇಲಿಮರಿ ಸಾಯಬೇಕಿತ್ತು. ಆಮೇಲೆ ಮೊಲ ಬಂತು. ಮೊಲವನ್ನೂ ಕೊಯ್ಯುತ್ತಿದ್ದರು. ಫಲಿತಾಂಶ ಏನೇ ಇರಲಿ, ಮೊಲ ಸಾಯುತ್ತಿತ್ತು. 1930ರ ದಶಕದಲ್ಲಿ ಆಫ್ರಿಕಾದ ಕ್ಸೆನೋಪಸ್ ಎಂಬ ಕಪ್ಪೆ ಬಂತು. ಮೂತ್ರದ ಸಾರ ಚುಚ್ಚಿದರೆ, ಗರ್ಭ ಇದ್ದ ಪಕ್ಷದಲ್ಲಿ, ಒಂದು ದಿನದೊಳಗೆ ಕಪ್ಪೆ ಮೊಟ್ಟೆ ಇಡುತ್ತಿತ್ತು. ಕೊಯ್ಯಬೇಕಾಗಿಲ್ಲ. ವಿಶ್ರಾಂತಿ ಕೊಟ್ಟು ಅದೇ ಕಪ್ಪೆಯನ್ನು ಮತ್ತೆ ಬಳಸಬಹುದಿತ್ತು. 1960ರ ದಶಕದಲ್ಲಿ ಕಪ್ಪೆಯೂ ಬೇಡವಾಯಿತು, ಗಾಜಿನ ಕೊಳವೆಯಲ್ಲೇ ಪರೀಕ್ಷೆ ಆಗತೊಡಗಿತು.

ಇಲ್ಲಿಗೆ ನಿಲ್ಲಿಸಿದರೆ ಎಷ್ಟು ಚೆಂದದ ಕತೆ ಅಲ್ವಾ? ಪ್ರಾಣಿ ಹೋಯಿತು, ಪಟ್ಟಿ ಬಂತು. ಆದರೆ ಆ ಪಟ್ಟಿಯಲ್ಲಿ ಗೆರೆ ಮೂಡಿಸುವುದು ಪ್ರತಿಕಾಯ ಎಂಬ ಪ್ರೊಟೀನ್, ಹೊರಗಿನಿಂದ ಬಂದ ವಸ್ತುವನ್ನು ಹಿಡಿಯಲು ದೇಹ ತಯಾರಿಸುವಂಥದ್ದು. ಅದನ್ನು ಬೇಕಾದಷ್ಟು ಒಂದೇ ತರಹ ತಯಾರಿಸುವ ವಿಧಾನವನ್ನು 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಎಂಬ ವಿಜ್ಞಾನಿಗಳು ಕಂಡುಹಿಡಿದರು. ಇಲಿಗೆ ಚುಚ್ಚುಮದ್ದು ಕೊಟ್ಟು, ಅದರ ಗುಲ್ಮದ ಜೀವಕೋಶ ತೆಗೆದು, ಅದನ್ನು ಸಾವಿಲ್ಲದ ಕ್ಯಾನ್ಸರ್ ಜೀವಕೋಶದ ಜೊತೆ ಬೆಸೆಯುವುದು. ಆ ಬೆಸೆದ ಕೋಶ ಫ್ಲಾಸ್ಕಿನಲ್ಲಿ ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಇವತ್ತಿನ ಪಟ್ಟಿಗೆ ಇವತ್ತು ಇಲಿ ಸಾಯುವುದಿಲ್ಲ. ಆದರೆ ಅದರ ವಂಶವೃಕ್ಷದ ಬುಡದಲ್ಲಿ ಒಂದು ಇಲಿ ಇದೆ. ಪ್ರಾಣಿಗಳಿಂದ ನಾವು ಹೇಗೆ ದೂರ ಬರುತ್ತೇವೆ, ಎಷ್ಟು ನಿಧಾನವಾಗಿ ಬರುತ್ತೇವೆ ಎಂದು ಯಾರಾದರೂ ಕೇಳಿದರೆ ನಾನು ಈ ಪಟ್ಟಿಯನ್ನೇ ತೋರಿಸುತ್ತೇನೆ.

ಪೆನಿಸಿಲಿನ್ ಕತೆ ನಿಮಗೆ ಗೊತ್ತು. 1928ರಲ್ಲಿ ಫ್ಲೆಮಿಂಗ್ ಎಂಬ ವಿಜ್ಞಾನಿ ಬೂಷ್ಟಿನಲ್ಲಿ ಕಂಡ, ರೋಗಾಣು ಕೊಲ್ಲುವ ವಸ್ತು. ಆದರೆ ಅದು ಔಷಧ ಆದದ್ದು ಒಂದು ರಾತ್ರಿ, ಎಂಟು ಇಲಿಗಳಲ್ಲಿ. 1940ರ ಮೇ 25, ಆಕ್ಸ್‌ಫರ್ಡ್. ಎಂಟಕ್ಕೂ ಸಾಯುವಷ್ಟು ರೋಗಾಣು ಚುಚ್ಚಿದರು. ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟರು, ನಾಲ್ಕಕ್ಕೆ ಇಲ್ಲ. ನಾರ್ಮನ್ ಹೀಟ್ಲಿ ಎಂಬವರು ಬೆಳಗಿನ ಜಾವದವರೆಗೂ ಅಲ್ಲೇ ಕೂತು ನೋಡಿದರು. ಔಷಧ ಸಿಗದ ನಾಲ್ಕೂ ಸತ್ತಿದ್ದವು, ಸಿಕ್ಕವು ಬದುಕಿದ್ದವು. ಫ್ಲೆಮಿಂಗ್ ಕೂಡ ಪ್ರಾಣಿಗಳಿಗೆ ಪೆನಿಸಿಲಿನ್ ಚುಚ್ಚಿದ್ದರು, ವಿಷವಲ್ಲ ಎಂದು ನೋಡಿಕೊಂಡಿದ್ದರು. ರೋಗ ಬಂದ ಇಲಿಗೆ ಕೊಟ್ಟು ನೋಡಲಿಲ್ಲ, ಅಷ್ಟೇ. ಆ ಒಂದು ಪ್ರಶ್ನೆಗೆ ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು.

ಇಲ್ಲಿ ಒಂದು ಅಡ್ಡಮಾತು. ಇದೇ ಪೆನಿಸಿಲಿನ್ ಗಿನಿಪಿಗ್‌ಗೆ ಪ್ರಾಣಾಂತಕ. ಅದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೇ ಅದು ಹಾಳು ಮಾಡಿಬಿಡುತ್ತದೆ. ಆ ರಾತ್ರಿ ಡಬ್ಬಿಯಲ್ಲಿ ಇಲಿ ಬದಲು ಗಿನಿಪಿಗ್ ಇದ್ದಿದ್ದರೆ? ಯಾವ ಪ್ರಾಣಿ ಅನ್ನುವುದು ಎಷ್ಟು ಮುಖ್ಯ ನೋಡಿ. ಪ್ರಾಣಿ ಪ್ರಯೋಗವನ್ನು ವಿರೋಧಿಸುವವರು ಇದನ್ನು ಹೇಳುತ್ತಾರೆ. ಅವರು ಹೇಳುವುದು ನಿಜ. ನಮ್ಮವರು ಅದನ್ನು ಕೇಳಿದ ಕೂಡಲೇ ಮುಖ ಗಂಟು ಹಾಕಿಕೊಳ್ಳುತ್ತಾರೆ, ಅದು ತಪ್ಪು.

ಈಗ ನನಗೆ ತುಂಬಾ ಇಷ್ಟವಾದ, ತುಂಬಾ ಕಾಡುವ ಕತೆಗೆ ಬರುತ್ತೇನೆ. ಇದು ಶುರುವಾಗುವುದು ಪ್ರಾಣಿಯಿಂದಲ್ಲ, ಮನುಷ್ಯರಿಂದ. 1982, ಕ್ಯಾಲಿಫೋರ್ನಿಯಾ. ಕೆಲವು ಚಿಕ್ಕ ವಯಸ್ಸಿನವರು ಆಸ್ಪತ್ರೆಗೆ ಬಂದರು. ಮರದ ಗೊಂಬೆಯ ಹಾಗೆ ಬಿಗಿದುಕೊಂಡಿದ್ದರು. ಮಾತಾಡಲು ಆಗುತ್ತಿರಲಿಲ್ಲ, ಕೈ ಎತ್ತಲು ಆಗುತ್ತಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆಯ ಲಕ್ಷಣ. ಆದರೆ ಅದು ವಯಸ್ಸಾದವರಿಗೆ ವರ್ಷಗಟ್ಟಲೆ ನಿಧಾನವಾಗಿ ಬರುವ ಕಾಯಿಲೆ, ಇವರಿಗೆ ಕೆಲವೇ ದಿನಗಳಲ್ಲಿ ಬಂದಿತ್ತು. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರರೋಗ ತಜ್ಞರು ಬೆನ್ನು ಹತ್ತಿದಾಗ ತಿಳಿಯಿತು, ಇವರೆಲ್ಲ ಕದ್ದುಮುಚ್ಚಿ ತಯಾರಾದ ನಕಲಿ ಹೆರಾಯಿನ್ ಚುಚ್ಚಿಕೊಂಡವರು. ಅದರಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಸೇರಿತ್ತು. ಪಾರ್ಕಿನ್ಸನ್‌ನಲ್ಲಿ ಸಾಯುವ ಮೆದುಳಿನ ಜೀವಕೋಶಗಳನ್ನೇ ಅದು ಹುಡುಕಿ ಕೊಂದಿತ್ತು.

ಎಂಪಿಟಿಪಿಯನ್ನು ರ‍್ಯಾಟ್‌ಗಳಿಗೆ, ಅಂದರೆ ದೊಡ್ಡ ಜಾತಿಯ ಇಲಿಗಳಿಗೆ, ಕೊಟ್ಟರೆ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಕೋತಿಗೆ ಕೊಟ್ಟಾಗ ಆಯಿತು. ಅದೇ ಬಿಗಿತ, ಅದೇ ನಡುಕ, ಅದೇ ಬಾಗಿದ ಬೆನ್ನು. ಅಲ್ಲಿಯವರೆಗೆ ಪಾರ್ಕಿನ್ಸನ್ ಬಂದ ಮೆದುಳಿನೊಳಗೆ ಏನು ನಡೆಯುತ್ತದೆ ಎಂದು ಹತ್ತಿರದಿಂದ ನೋಡಲು ಇಷ್ಟು ಒಳ್ಳೆಯ ದಾರಿ ಇರಲಿಲ್ಲ. ಮ್ಯಾಲನ್ ಡಿಲಾಂಗ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಕೋತಿಯ ಮೆದುಳಿನಲ್ಲಿ ಬಟಾಣಿಗಿಂತಲೂ ಚಿಕ್ಕದಾದ ಒಂದು ಭಾಗ ಅತಿಯಾಗಿ ಮಿಡಿಯುತ್ತಿರುವುದನ್ನು ಕಂಡರು. 1990ರಲ್ಲಿ ಅದನ್ನು ನಿಷ್ಕ್ರಿಯ ಮಾಡಿದರು. ಬಿಗಿದು ಕೂತಿದ್ದ ಕೋತಿ ಕೈ ಚಾಚಿತು.

ಫ್ರಾನ್ಸಿನ ಅಲಿಂ ಲೂಯಿ ಬೆನಾಬಿದ್ ಎಂಬ ಶಸ್ತ್ರವೈದ್ಯರು ಮೆದುಳಿನ ಇನ್ನೊಂದು ಜಾಗಕ್ಕೆ ತೆಳ್ಳನೆಯ ತಂತಿ ಇಳಿಸಿ, ಸಣ್ಣ ವಿದ್ಯುತ್ ಹರಿಸಿ, ನಡುಕ ನಿಲ್ಲಿಸುವುದನ್ನು ಆಗಲೇ ಮಾಡುತ್ತಿದ್ದರು. ಕೋತಿಯ ಫಲಿತಾಂಶ ನೋಡಿದ ಮೇಲೆ ಅದೇ ತಂತಿಯನ್ನು ಈ ಹೊಸ ಜಾಗಕ್ಕೆ ಇಳಿಸಿದರು. ಇವತ್ತು ಲೋಕದಲ್ಲಿ ಲಕ್ಷಕ್ಕೂ ಹೆಚ್ಚು ಜನರ ತಲೆಯಲ್ಲಿ ಇಂಥ ತಂತಿ ಇದೆ. ಎದೆಯ ಚರ್ಮದ ಕೆಳಗೆ ಒಂದು ಬ್ಯಾಟರಿ. ಅದನ್ನು ಆನ್ ಮಾಡಿದಾಗ ಏನಾಗುತ್ತದೆ ಎಂದು ನಾನು ಒಮ್ಮೆ ನೋಡಿದ್ದೇನೆ. ವಯಸ್ಸಾದವರೊಬ್ಬರು ನೀರಿನ ಲೋಟ ಎತ್ತಲು ಹೋಗಿ ಅರ್ಧ ನೀರು ಚೆಲ್ಲಿಕೊಂಡಿದ್ದರು. ಸ್ವಿಚ್ ಹಾಕಿದರು. ಅವರು ಲೋಟವನ್ನು ಎತ್ತಿದರು, ಕುಡಿದರು, ಕೆಳಗಿಟ್ಟರು. ಇಟ್ಟ ಸದ್ದೂ ಆಗಲಿಲ್ಲ. ಅವರ ಹೆಂಡತಿ ಲೋಟವನ್ನೇ ನೋಡುತ್ತಾ ನಿಂತುಬಿಟ್ಟರು.

ಕೋತಿಗಳ ಮಾತು? ಅವುಗಳಿಗೆ ಕಾಯಿಲೆ ಬರಿಸಿದವರು ನಾವು. ಅವು ಯಾವ ಹೆರಾಯಿನ್ನೂ ಚುಚ್ಚಿಕೊಂಡಿರಲಿಲ್ಲ. ಲೋಟ ಹಿಡಿದ ಆ ಕೈ ನೆನಪಾದಾಗಲೆಲ್ಲ ಚಲಿಸಲಾಗದೆ ಕೂತ ಕೋತಿಯೂ ನೆನಪಾಗುತ್ತದೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಅಳಿಸುತ್ತದೆ ಎಂದು ಹೇಳುವ ವಿಜ್ಞಾನಿಯನ್ನು ನಾನು ನಂಬುವುದಿಲ್ಲ.

ಥಾಲಿಡೊಮೈಡ್ ಹೆಸರು ಎರಡೂ ಪಕ್ಷದವರ ಬಾಯಲ್ಲಿ ಬರುತ್ತದೆ, ಆದ್ದರಿಂದ ಅದನ್ನು ಬಿಡುವ ಹಾಗಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆ ಮಾತ್ರೆಯಾಗಿ ಬಂತು. ಬಸುರಿಯರು ವಾಕರಿಕೆಗೂ ತೆಗೆದುಕೊಂಡರು. ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದರು, ಹತ್ತು ಸಾವಿರಕ್ಕೂ ಹೆಚ್ಚು. 1961ರ ಕೊನೆಗೆ ಅಲ್ಲಿ ಮಾರುಕಟ್ಟೆಯಿಂದ ತೆಗೆದರು. "ನೋಡಿ, ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿದ್ದ ಔಷಧವೇ ಹೀಗೆ ಮಾಡಿತು" ಎಂದು ಒಂದು ಪಕ್ಷ. "ಬಸುರಿ ಪ್ರಾಣಿಗಳ ಮೇಲೆ ಸರಿಯಾಗಿ ಪರೀಕ್ಷಿಸದೆ ಮಾರಿದ್ದಕ್ಕೇ ಹೀಗಾಯಿತು" ಎಂದು ಇನ್ನೊಂದು ಪಕ್ಷ. ಎರಡನೆಯವರ ಮಾತಿನಲ್ಲಿ ಹೆಚ್ಚು ಹುರುಳಿದೆ. ಆದರೆ ಪೂರ್ತಿ ಅಲ್ಲ. ಆಮೇಲೆ ಪರೀಕ್ಷಿಸಿದಾಗ ಮೊಲ, ಕೋತಿಗಳ ಮರಿಗಳಲ್ಲಿ ಅದೇ ಊನ ಕಾಣಿಸಿತು. ಇಲಿಗಳಲ್ಲಿ ಹಾಗೆ ಕಾಣಿಸಲಿಲ್ಲ. ಆಗ ಬಸುರಿ ಇಲಿ ಮಾತ್ರ ನೋಡಿದ್ದರೆ ತಪ್ಪಿಸಿಕೊಂಡುಬಿಡುತ್ತಿತ್ತೋ ಏನೋ. ಹೊಸ ಔಷಧವನ್ನು ಭ್ರೂಣದ ಮೇಲಿನ ಪರಿಣಾಮಕ್ಕಾಗಿ ಒಂದಕ್ಕಿಂತ ಹೆಚ್ಚು ಜಾತಿಯ ಪ್ರಾಣಿಗಳಲ್ಲಿ ನೋಡುವ ಪದ್ಧತಿ ಬಂದದ್ದು ಈ ಅನುಭವದ ಮೇಲೆ.

ಹಾಗೆ ನೋಡಿದರೂ ಕೆಲವು ತಪ್ಪಿಸಿಕೊಳ್ಳುತ್ತವೆ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಹೊಸ ಔಷಧವನ್ನು ಆರು ಆರೋಗ್ಯವಂತ ಯುವಕರಿಗೆ ಕೊಟ್ಟರು. ಕೋತಿಗಳಿಗೆ ಕೊಟ್ಟು ಏನೂ ಆಗದ ಪ್ರಮಾಣದ 500ರಲ್ಲಿ ಒಂದು ಪಾಲು. ಎರಡು ಗಂಟೆಯೊಳಗೆ ಆರೂ ಜನ ಕುಸಿದರು, ಒಂದೊಂದೇ ಅಂಗ ಕೈಕೊಟ್ಟಿತು. ಜೀವ ಉಳಿಯಿತು, ಅದೇ ದೊಡ್ಡದು. ಕಾರಣ ಆಮೇಲೆ ಸಿಕ್ಕಿತು. ಆ ಔಷಧ ಹಿಡಿದುಕೊಳ್ಳುವ ಕೊಂಡಿ ನಮ್ಮ ಒಂದು ಬಗೆಯ ರಕ್ಷಣಾ ಕೋಶಗಳ ಮೇಲೆ ಇದೆ, ಆ ಕೋತಿಗಳ ಅದೇ ಬಗೆಯ ಕೋಶಗಳ ಮೇಲೆ ಇಲ್ಲ. ಅಷ್ಟೇ ವ್ಯತ್ಯಾಸ. ನನ್ನದೇ ಕ್ಷೇತ್ರದಲ್ಲಿ ಪಾರ್ಶ್ವವಾಯುವಿಗೆ ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿ ಮನುಷ್ಯರಲ್ಲಿ ಸೋತ ಔಷಧಗಳನ್ನು ಎಣಿಸಲು ಕೈಬೆರಳು ಸಾಲುವುದಿಲ್ಲ.

ಹಾಗಾದರೆ ಇಲಿಯಿಂದ ಪ್ರಯೋಜನ ಇಲ್ಲ ಅಂತಲಾ? ಅಲ್ಲ. ಇಲಿ ಒಂದು ನಕಾಶೆ ಇದ್ದ ಹಾಗೆ. ನಕಾಶೆಯಲ್ಲಿ ಗುಂಡಿ ಕಾಣುವುದಿಲ್ಲ. ಹಾಗಂತ ನಕಾಶೆ ಇಲ್ಲದೆ ಹೊರಡುವುದೂ ಕಷ್ಟ. ಯಾವ ನಕಾಶೆ ಯಾವ ಊರಿನದು ಅನ್ನುವುದು ಗೊತ್ತಿರಬೇಕು, ಅಷ್ಟೇ.

ನಾವು ಬಾಯಿ ಮುಚ್ಚಿಕೊಂಡಿದ್ದಕ್ಕೆ ಕಾರಣ ಇತ್ತು. ಹೆದರಿಕೆ. ಕೆಲವು ದೇಶಗಳಲ್ಲಿ ವಿಜ್ಞಾನಿಗಳ ಮನೆಗೆ ಬೆದರಿಕೆ ಪತ್ರ ಬಂದದ್ದು, ಕಾರಿಗೆ ಬೆಂಕಿ ಇಟ್ಟದ್ದು ನಿಜ. ಆದರೆ ಮೌನಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಮುಚ್ಚಿಟ್ಟರೆ ಕೆಲಸ ಸಲೀಸು.

1981ರಲ್ಲಿ ಅಮೆರಿಕದ ಸಿಲ್ವರ್ ಸ್ಪ್ರಿಂಗ್ ಎಂಬಲ್ಲಿ ಒಂದು ಪ್ರಯೋಗಾಲಯ ಇತ್ತು. ಹದಿನೇಳು ಕೋತಿ. ಕೈಯ ಸ್ಪರ್ಶದ ನರ ಕತ್ತರಿಸಿದರೆ ಆ ಕೈ ಮತ್ತೆ ಬಳಕೆಗೆ ಬರುತ್ತದಾ ಎಂದು ನೋಡುವ ಕೆಲಸ. ಸ್ವಯಂಸೇವಕನಾಗಿ ಸೇರಿಕೊಂಡ ಕಾರ್ಯಕರ್ತನೊಬ್ಬ ಒಳಗಿನ ಫೋಟೋ ತೆಗೆದ. ಕೊಳಕು ಪಂಜರ, ಗಾಯಕ್ಕೆ ಪಟ್ಟಿ ಇಲ್ಲ. ಪೊಲೀಸರು ಬಂದು ಕೋತಿಗಳನ್ನು ಎತ್ತಿಕೊಂಡು ಹೋದರು. ಕೆಳಗಿನ ಕೋರ್ಟು ವಿಜ್ಞಾನಿಯನ್ನು ತಪ್ಪಿತಸ್ಥ ಎಂದಿತು, ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. ಆ ಗಲಾಟೆಯ ಒತ್ತಡವೂ ಸೇರಿ 1985ರಲ್ಲಿ ಅಮೆರಿಕದ ಕಾನೂನು ಬಿಗಿಯಾಯಿತು. ಇನ್ನೊಂದು ಕಡೆ, ಅದೇ ಕೆಲಸದಿಂದ ಪಾರ್ಶ್ವವಾಯು ಆದವರಿಗೆ ಒಂದು ಚಿಕಿತ್ಸೆ ಹುಟ್ಟಿತು. ಸರಿ ಇರುವ ಕೈಯನ್ನು ಕಟ್ಟಿಹಾಕಿ, ಬಿದ್ದುಹೋದ ಕೈಯಿಂದಲೇ ದಿನಕ್ಕೆ ಗಂಟೆಗಟ್ಟಲೆ ಕೆಲಸ ಮಾಡಿಸುವುದು. ಅದು ಈಗ ಹಲವು ಕಡೆ ಬಳಕೆಯಲ್ಲಿದೆ.

ಈಗ ಹೇಳಿ, ಇದು ಒಳ್ಳೆಯ ಕತೆಯೋ ಕೆಟ್ಟ ಕತೆಯೋ? ನನಗೆ ಕಾಣುವುದು ಇಷ್ಟು. ಚಿಕಿತ್ಸೆಯ ವಿಷಯ ಹೊರಗೆ ಬಂದದ್ದು ವಿಜ್ಞಾನಿಗಳಿಂದ, ಪಂಜರದ ವಿಷಯ ಹೊರಗೆ ಬಂದದ್ದು ಕದ್ದು ತೆಗೆದ ಫೋಟೋದಿಂದ. ಎರಡನ್ನೂ ನಾವೇ ಹೇಳುವ ಹಾಗೆ ಇರಬೇಕಿತ್ತು.

ನನ್ನದೂ ಒಂದು ಇದೆ. ಒಂದು ರಾತ್ರಿ ಡಬ್ಬಿಯೊಂದರ ನೀರಿನ ಬಾಟಲಿ ಸೋರಿತು. ನಾನೇ ಮುಚ್ಚಳ ಸರಿಯಾಗಿ ತಿರುಗಿಸಿರಲಿಲ್ಲ. ಬೆಳಿಗ್ಗೆ ಹೋದರೆ ಹೊಟ್ಟು ಪೂರ್ತಿ ನೆನೆದು ಮುದ್ದೆಯಾಗಿತ್ತು. ಐದು ಇಲಿ ಒಂದರ ಮೇಲೊಂದು ಮೂಲೆಯಲ್ಲಿ ಸೇರಿಕೊಂಡಿದ್ದವು. ನಾಲ್ಕು ಚಳಿಗೆ ಸತ್ತಿದ್ದವು, ಒಂದು ಇನ್ನೂ ನಡುಗುತ್ತಿತ್ತು. ಅವು ಯಾವ ಕಾಯಿಲೆಯ ಗುಟ್ಟನ್ನೂ ಹೇಳಿಕೊಡಲಿಲ್ಲ, ಸುಮ್ನೆ ಸತ್ತವು. ನಮ್ಮ ಪ್ರಬಂಧದಲ್ಲಿ ಅವುಗಳ ಬಗ್ಗೆ ಒಂದು ಸಾಲೂ ಇಲ್ಲ. ಆಗ ಯಾರೂ ಕೇಳುತ್ತಿರಲಿಲ್ಲ. 2010ರಲ್ಲಿ ಅರೈವ್ ಎಂಬ ವರದಿ ನಿಯಮಗಳು ಬಂದವು. ಎಷ್ಟು ಪ್ರಾಣಿ ಬಳಸಿದಿರಿ, ಯಾವುದನ್ನು ಲೆಕ್ಕದಿಂದ ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಬರೆಯಿರಿ ಅನ್ನುತ್ತವೆ ಅವು. ಕೇಳಿದರೆ ಮಾಮೂಲಿ ಮಾತು. ನನಗೆ ಅದು ಆ ನಾಲ್ಕು ಇಲಿಗಳ ಹೆಸರಿನಲ್ಲಿ ಬಂದ ನಿಯಮದ ಹಾಗೆ ಕಾಣುತ್ತದೆ.

ತೆರೆದು ಹೇಳುವುದು ಅಸಾಧ್ಯವೇನೂ ಅಲ್ಲ. 2014ರಲ್ಲಿ ಬ್ರಿಟನ್ನಿನ 70ಕ್ಕೂ ಹೆಚ್ಚು ಸಂಸ್ಥೆಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ನಾವು ಪ್ರಾಣಿಗಳನ್ನು ಬಳಸುತ್ತೇವೆ ಎಂದು ನಮ್ಮ ಹೆಸರಿನಲ್ಲೇ ಹೇಳುತ್ತೇವೆ, ಯಾಕೆ, ಹೇಗೆ, ಎಷ್ಟು ಎಂದೂ ಹೇಳುತ್ತೇವೆ ಎಂದು. ಆಮೇಲೆ ಸ್ಪೇನ್, ಜರ್ಮನಿ, ಫ್ರಾನ್ಸ್‌ನಲ್ಲೂ ಇಂಥವು ಬಂದವು. ಬ್ರಿಟನ್ನಿನ ಸರ್ಕಾರ ಪ್ರತಿ ವರ್ಷ ಲೆಕ್ಕ ಕೊಡುತ್ತದೆ. 2023ರಲ್ಲಿ ಸುಮಾರು 26.8 ಲಕ್ಷ ಪ್ರಕ್ರಿಯೆ, ಪ್ರಯೋಗಕ್ಕೆಂದು ವಂಶವಾಹಿ ಬದಲಿಸಿದ ಪ್ರಾಣಿಗಳ ಮರಿ ಮಾಡಿಸಿದ್ದೂ ಸೇರಿ. ಹೆಚ್ಚಿನವು ಇಲಿ ಮತ್ತು ಮೀನು. ನಾಯಿ, ಬೆಕ್ಕು, ಕುದುರೆ, ಕೋತಿ ಎಲ್ಲ ಸೇರಿದರೂ ನೂರಕ್ಕೆ ಒಂದಕ್ಕಿಂತ ಕಡಿಮೆ. ಪ್ರತಿ ಪ್ರಯೋಗದಲ್ಲಿ ಪ್ರಾಣಿಗೆ ಆದ ನೋವು ಸ್ವಲ್ಪವೋ, ಮಧ್ಯಮವೋ, ತೀವ್ರವೋ ಅಂತಲೂ ಬರೆಯಬೇಕು. ಐರೋಪ್ಯ ಒಕ್ಕೂಟದಲ್ಲಿ ಪ್ರಯೋಗಕ್ಕೆ ಅನುಮತಿ ಸಿಕ್ಕರೆ ಅದರ ಸಾರಾಂಶವನ್ನು ಸಾಮಾನ್ಯರಿಗೆ ಅರ್ಥವಾಗುವ ಭಾಷೆಯಲ್ಲಿ ಪ್ರಕಟಿಸಬೇಕು. ಹಾಗೆ ಬರೆಯಲು ಕೂತರೆ ಒಂದು ತಮಾಷೆ ಆಗುತ್ತದೆ. ದೊಡ್ಡ ದೊಡ್ಡ ಪದ ತೆಗೆದುಬಿಟ್ಟರೆ ಕೆಲವು ಪ್ರಯೋಗಗಳಲ್ಲಿ ಹೇಳಲು ಏನೂ ಉಳಿಯುವುದಿಲ್ಲ. ಅಂಥವನ್ನು ಮಾಡದಿರುವುದೇ ಲೇಸು.

1959ರಲ್ಲಿ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ ಎಂಬ ಇಬ್ಬರು ವಿಜ್ಞಾನಿಗಳು ಮೂರು ಮಾತು ಹೇಳಿದ್ದರು. ಪ್ರಾಣಿ ಇಲ್ಲದೆ ಆಗುವುದಿದ್ದರೆ ಪ್ರಾಣಿ ಬಳಸಬೇಡಿ. ಬಳಸಲೇಬೇಕಾದರೆ ಕಡಿಮೆ ಬಳಸಿ. ಬಳಸುವಾಗ ನೋವು ತಗ್ಗಿಸಿ. ಹಲವು ದೇಶಗಳ ಕಾನೂನು ನಿಂತಿರುವುದು ಇದರ ಮೇಲೆ. ಈ ಮೂರು ಪ್ರಶ್ನೆ ಕೇಳಲು ನೀವು ವಿಜ್ಞಾನಿ ಆಗಿರಬೇಕಾಗಿಲ್ಲ. ಯಾವುದೇ ಸಂಸ್ಥೆ "ಹೊಸ ಔಷಧ ಕಂಡುಹಿಡಿದೆವು" ಅಂದಾಗ ಕೇಳಿ: ಯಾವ ಪ್ರಾಣಿ? ಎಷ್ಟು? ಬೇರೆ ದಾರಿ ಇತ್ತಾ? ಆಮೇಲೆ ಏನಾಯ್ತು? ಪತ್ರಿಕೆಯವರಿಗೂ ಒಂದು ಮಾತು. "ಕ್ಯಾನ್ಸರ್‌ಗೆ ಮದ್ದು ಸಿಕ್ಕಿತು" ಎಂದು ತಲೆಬರಹ ಹಾಕಿ, ಇಲಿಯನ್ನು ಏಳನೇ ಪ್ಯಾರಾದಲ್ಲಿ ಬಚ್ಚಿಡಬೇಡಿ. ಇಲಿಯ ಕ್ಯಾನ್ಸರ್‌ಗೆ ಎಂದು ಮೇಲೆಯೇ ಬರೆಯಿರಿ.

ನನ್ನ ಮಾತು ಇಷ್ಟು. ಇನ್ನು ಬಂದ ಪ್ರಶ್ನೆಗಳು.

ಒಬ್ಬರು ಕೇಳಿದರು: ಈಗ ಕಂಪ್ಯೂಟರ್ ಇದೆ, ಎಐ ಇದೆ, ಚಿಪ್ ಮೇಲೆ ಮನುಷ್ಯನ ಜೀವಕೋಶ ಬೆಳೆಸುತ್ತಾರೆ. ಇನ್ನೂ ಇಲಿ ಯಾಕೆ?

ಒಳ್ಳೆಯ ಪ್ರಶ್ನೆ, ಇದಕ್ಕೆ ಉತ್ತರ ಪ್ರತಿ ವರ್ಷ ಬದಲಾಗುತ್ತಿದೆ. ಚರ್ಮಕ್ಕೆ ಉರಿ ತರುತ್ತದಾ ಎಂದು ನೋಡಲು ಈಗ ಮೊಲ ಬೇಕಾಗಿಲ್ಲ, ಬೆಳೆಸಿದ ಮನುಷ್ಯ ಚರ್ಮದ ಪದರ ಸಾಕು. ಸೌಂದರ್ಯವರ್ಧಕಗಳಿಗೆ ಪ್ರಾಣಿ ಪರೀಕ್ಷೆಯನ್ನು ಐರೋಪ್ಯ ಒಕ್ಕೂಟ 2013ರಲ್ಲಿ ಪೂರ್ತಿ ಬಂದ್ ಮಾಡಿತು, ಯಾರ ಜೀವವೂ ಅದರಿಂದ ಹೋಗಲಿಲ್ಲ. 2022ರ ಕೊನೆಗೆ ಅಮೆರಿಕ ತನ್ನ ಕಾನೂನು ತಿದ್ದಿ, ಹೊಸ ಔಷಧಕ್ಕೆ ಪ್ರಾಣಿ ಪರೀಕ್ಷೆ ಕಡ್ಡಾಯವಲ್ಲ, ಬೇರೆ ವಿಧಾನಗಳ ಸಾಕ್ಷ್ಯವೂ ಆಗಬಹುದು ಎಂದಿತು. ಆದರೆ ನೆನಪು, ಬಸಿರು, ಕುಂಟುತ್ತಾ ನಡೆಯುವ ಕಾಲು, ಇವು ಒಂದು ಚಿಪ್‌ನಲ್ಲಿ ಇಲ್ಲ. ಇಡೀ ದೇಹ ಬೇಕು. ಕಂಪ್ಯೂಟರ್ ನಮಗೆ ಗೊತ್ತಿರುವುದನ್ನು ಚೆನ್ನಾಗಿ ಲೆಕ್ಕ ಹಾಕುತ್ತದೆ. ನಮಗೆ ಗೊತ್ತೇ ಇಲ್ಲದ್ದನ್ನು ಅದಕ್ಕೆ ಹೇಳಿಕೊಡುವುದು ಹೇಗೆ?

ಹಿಂದಿನ ಸಾಲಿನಿಂದ ಒಬ್ಬ ಹುಡುಗ: ಪ್ರಾಣಿಗಳಿಗೆ ಇದರಿಂದ ಏನು ಸಿಕ್ಕಿತು ಸಾರ್?

ದನಗಳ ರಿಂಡರ್‌ಪೆಸ್ಟ್ ಎಂಬ ಮಾರಿ 2011ರಲ್ಲಿ ಭೂಮಿಯಿಂದಲೇ ಹೋಯಿತು, ಲಸಿಕೆಯಿಂದ. ಅದು ದನಗಳ ಮೇಲೆ ಪರೀಕ್ಷಿಸಿದ ಲಸಿಕೆ. ನಾಯಿಗಳ ರೇಬಿಸ್, ಪಾರ್ವೊ ಲಸಿಕೆಗಳೂ ಹಾಗೇ ಬಂದವು. ಆದರೆ ಇಲಿಗೆ ಏನು ಸಿಕ್ಕಿತು ಎಂದು ಕೇಳಿದರೆ, ಏನೂ ಇಲ್ಲ ಎಂಬುದೇ ಸರಿಯಾದ ಉತ್ತರ.

ಒಬ್ಬ ತಾಯಿ ಕೇಳಿದ್ದು: ನಿಮಗೆ ಅಭ್ಯಾಸ ಆಗಿಬಿಟ್ಟಿದೆಯಾ?

ಕೈಗೆ ಆಗಿದೆ ಅಮ್ಮ. ಉಳಿದದ್ದಕ್ಕೆ ಆಗದಿರಲಿ ಅಂತ ಆಸೆ. ನಮ್ಮಲ್ಲಿ ಡಬ್ಬಿ ತೊಳೆದು, ಆಹಾರ ಹಾಕಿ ನೋಡಿಕೊಳ್ಳುವ ಒಬ್ಬರಿದ್ದಾರೆ. ಇಲಿಯ ಕಣ್ಣು ಸಣ್ಣದಾಗಿದೆಯಾ, ಕಿವಿ ಹಿಂದಕ್ಕೆ ಹೋಗಿದೆಯಾ, ಮೀಸೆ ಬಿಗಿದಿದೆಯಾ ಎಂದು ನೋಡಿ ನೋವನ್ನು ಅಳೆಯುವ ಒಂದು ಪಟ್ಟಿ 2010ರಲ್ಲಿ ಬಂತು. ನಮಗೆಲ್ಲ ಅದಕ್ಕೆ ತರಬೇತಿ ಕೊಟ್ಟರು. ಅವರಿಗೆ ತರಬೇತಿ ಬೇಕಾಗಲಿಲ್ಲ. "ಇದನ್ನೇನು ಕಲಿಸ್ತೀರಿ, ಮುಖ ನೋಡಿದ್ರೆ ಗೊತ್ತಾಗಲ್ವಾ" ಎಂದರು.

ಕೊನೆಯ ಪ್ರಶ್ನೆ, ಚೀಟಿಯಲ್ಲಿ ಬರೆದು ಕಳಿಸಿದ್ದು: ನಿಮ್ಮ ಅನಿಮಲ್ ಹೌಸ್ ಒಳಗೆ ನಾವು ಬಂದು ನೋಡಬಹುದಾ?

ಗುಂಪಾಗಿ ಒಳಗೆ ಬಿಡುವುದು ಕಷ್ಟ, ಸೋಂಕಿನ ಭಯ ಇದೆ. ಆದರೆ ಗಾಜಿನ ಆಚೆಯಿಂದ ತೋರಿಸಬಹುದು, ಕ್ಯಾಮೆರಾ ಹಿಡಿದು ಕೋಣೆ ಕೋಣೆ ಸುತ್ತಿಸಬಹುದು. ಬೇರೆ ದೇಶಗಳಲ್ಲಿ ಕೆಲವರು ಹಾಗೆ ಮಾಡಿದ್ದಾರೆ. ನಾನು ಇದಕ್ಕೆ ಅನುಮತಿ ಕೇಳಿ ಎರಡು ಸಲ ಬರೆದೆ. ಎರಡು ಸಲವೂ "ಈಗ ಬೇಡ" ಎಂದು ವಾಪಸ್ ಬಂತು. ಮೂರನೇ ಪತ್ರ ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಇವತ್ತು ಬಂದ ಚೀಟಿಗಳನ್ನೆಲ್ಲ ಹೊರಡುವಾಗ ದಯವಿಟ್ಟು ಈ ಮೇಜಿನ ಮೇಲೆ ಇಟ್ಟು ಹೋಗಿ. ಆ ಪತ್ರದ ಜೊತೆ ಪಿನ್ ಮಾಡಿ ಕಳಿಸುತ್ತೇನೆ.